ಗುಡ್ಡದ ನೆತ್ತಿಯ ವಿಮಾನ ನಿಲ್ದಾಣ

ಜುಲೈ ತಿಂಗಳ ಒಂದು ಬೆಳಗಿನ ಜಾವ. ಬಜ್ಪೆಯ ವಿಮಾನ ನಿಲ್ದಾಣದ ಹೊರಗೆ ಜನ ಕಾಯುತ್ತಿದ್ದಾರೆ. ಅಜ್ಜನ ಕೈಯಲ್ಲಿ ಕೊಡೆ, ಅಜ್ಜಿಯ ಕೈಯಲ್ಲಿ ಚಹಾದ ಫ್ಲಾಸ್ಕ್, ನಡುವೆ ನಿದ್ದೆಗಣ್ಣಿನ ಮೊಮ್ಮಗ. ದುಬೈಯಿಂದ ಅಪ್ಪ ಬರುವ ಹೊತ್ತು. ಮೋಡದೊಳಗಿನಿಂದ ವಿಮಾನದ ಸದ್ದು ಕೇಳಿಸುತ್ತದೆ. ಹತ್ತಿರವಾಗುತ್ತದೆ, ಇನ್ನೇನು ಇಳಿಯಿತು ಎನ್ನುವಷ್ಟರಲ್ಲಿ ಸದ್ದು ಒಮ್ಮೆಲೇ ಜೋರಾಗಿ, ಮತ್ತೆ ಮೇಲಕ್ಕೇರಿ, ದೂರವಾಗಿಬಿಡುತ್ತದೆ.

"ಅಜ್ಜಾ, ಬಂದ ವಿಮಾನ ಇಳಿಯದೆ ಯಾಕೆ ಹೋಯಿತು?"

"ಮಳೆ ಅಲ್ವಾ ಮಗಾ. ಒಂದು ಸುತ್ತು ಹಾಕಿ ಬರ್ತದೆ."

"ಬಾರದಿದ್ದರೆ?"

ಅಜ್ಜಿ ಮೊಮ್ಮಗನ ತಲೆ ಸವರಿ, "ಬಾಯಿಗೆ ಬಂದ ಹಾಗೆ ಮಾತಾಡಬೇಡ" ಎನ್ನುತ್ತಾರೆ. ಆದರೆ ಅವರ ಕಣ್ಣೂ ಆಕಾಶದಲ್ಲೇ ಇರುತ್ತದೆ.

ಮಳೆಗಾಲದಲ್ಲಿ ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಮುಂದೆ ಇಂಥ ನೋಟ ಅಪರೂಪವಲ್ಲ. ಇಳಿಯಲು ಬಂದ ವಿಮಾನ ಇಳಿಯದೆ ಹೋದರೆ ಕಾಯುವವರಿಗೆ ಬೇಸರ, ಒಳಗೆ ಕುಳಿತವರಿಗೆ ದಿಗಿಲು. ಆದರೆ ಹುಡುಗ ಕೇಳಿದ ಪ್ರಶ್ನೆ ಬಹಳ ಒಳ್ಳೆಯ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ಸಿಗಬೇಕಾದರೆ ಈ ನಿಲ್ದಾಣ ನಿಂತಿರುವ ಗುಡ್ಡದ ಕಥೆಯನ್ನು ಮೊದಲಿನಿಂದ ಕೇಳಬೇಕು.

ಗುಡ್ಡದ ಮೇಲೆ ಏಕೆ?

ಕರಾವಳಿಯ ನೆಲವನ್ನು ನೋಡಿದವರಿಗೆ ಗೊತ್ತು. ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟ. ನಡುವಿನ ಸಪೂರ ಪಟ್ಟಿಯಲ್ಲಿ ನೇತ್ರಾವತಿ, ಫಲ್ಗುಣಿಯಂಥ ಹೊಳೆಗಳು, ಗದ್ದೆಗಳು, ತೆಂಗು ಕಂಗಿನ ತೋಟಗಳು. ತಗ್ಗಿನಲ್ಲಿ ಸಮತಟ್ಟು ಜಾಗ ಸಿಗುವುದೇ ಗದ್ದೆ ಬೈಲುಗಳಲ್ಲಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ ಎಂಬುದನ್ನು ನೆನಪಿಡಿ.

ಆದರೆ ಈ ಊರಿಗೆ ಪ್ರಕೃತಿ ಇನ್ನೊಂದು ಬಗೆಯ ಬಯಲನ್ನೂ ಕೊಟ್ಟಿದೆ. ಅದು ಮುರಕಲ್ಲಿನ ಗುಡ್ಡಗಳ ನೆತ್ತಿ. ಇಲ್ಲಿನ ಅನೇಕ ಗುಡ್ಡಗಳ ತಲೆ ಚೂಪಾಗಿಲ್ಲ, ಚಪ್ಪಟೆಯಾಗಿದೆ. ಊರಿನವರು ಇದನ್ನು 'ಪದವು' ಎನ್ನುತ್ತಾರೆ. ಮಂಗಳೂರಿನ ಸುತ್ತಮುತ್ತ ಎಷ್ಟೋ ಜಾಗಗಳ ಹೆಸರಿನ ಕೊನೆಗೆ ಈ 'ಪದವು' ಅಂಟಿಕೊಂಡಿರುವುದನ್ನು ಬಸ್ಸಿನ ಬೋರ್ಡುಗಳಲ್ಲಿ ನೀವು ಓದಿರಬಹುದು.

ನಗರದಿಂದ ಈಶಾನ್ಯಕ್ಕೆ ಸುಮಾರು 13 ಕಿಲೋಮೀಟರ್ ದೂರದ ಬಜ್ಪೆಯಲ್ಲಿ, ಕಡಲಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಅಂಥದ್ದೇ ಒಂದು ಗುಡ್ಡದ ಮೇಲೆ ವಿಮಾನ ನಿಲ್ದಾಣ ತಲೆಯೆತ್ತಿತು. ನೀರು ನಿಲ್ಲದ, ಗಟ್ಟಿ ನೆಲದ, ಗಾಳಿ ಬೀಸುವ ಜಾಗ. ಕೊರತೆ ಒಂದೇ: ಗುಡ್ಡ ಮುಗಿದಲ್ಲಿಗೆ ನೆಲವೂ ಮುಗಿಯುತ್ತದೆ. ಆಚೆ ಕಣಿವೆ. ಮೇಜಿನ ಹಲಗೆಯ ಹಾಗೆ ಎತ್ತರದಲ್ಲಿ ಚಪ್ಪಟೆಯಾಗಿದ್ದು, ಅಂಚಿನಲ್ಲಿ ಕೆಳಗಿಳಿಯುವ ಇಂಥ ಓಡುದಾರಿಗೆ 'ಟೇಬಲ್‌ಟಾಪ್ ರನ್‌ವೇ' ಎನ್ನುತ್ತಾರೆ. ನಮ್ಮ ದೇಶದಲ್ಲಿ ಕೇರಳದ ಕೋಯಿಕ್ಕೋಡ್, ಮಿಜೋರಾಮಿನ ಲೆಂಗ್‌ಪುಯ್ ನಿಲ್ದಾಣಗಳೂ ಇದೇ ಬಗೆಯವು.

ನೆಹರೂ ಬಂದಿಳಿದ ಕ್ರಿಸ್‌ಮಸ್

1951ರ ಡಿಸೆಂಬರ್ 25. ಆ ದಿನ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಇಲ್ಲಿ ಬಂದಿಳಿದರು. ನಿಲ್ದಾಣದ ಬಾಳು ಶುರುವಾದದ್ದು ಹಾಗೆ. ಆಗ ದಕ್ಷಿಣ ಕನ್ನಡವು ಮದ್ರಾಸ್ ರಾಜ್ಯದ ಒಂದು ಜಿಲ್ಲೆ. ಅದು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಬಜ್ಪೆಯ ರನ್‌ವೇ ನಮ್ಮ ರಾಜ್ಯದ ಏಕೀಕರಣಕ್ಕಿಂತ ಐದು ವರ್ಷ ಹಿರಿದು.

ಡಿಸಿ-3 ಎಂದರೆ ಇಂದಿನ ಮಕ್ಕಳಿಗೆ ಚಿತ್ರದಲ್ಲಷ್ಟೇ ಕಾಣಸಿಗುವ ವಿಮಾನ. ಎರಡು ರೆಕ್ಕೆಗಳ ಮೇಲೆ ಒಂದೊಂದು ಪಂಖದ ಎಂಜಿನ್. ಬಾಲದ ಕೆಳಗೆ ಪುಟ್ಟ ಚಕ್ರ. ಹಾಗಾಗಿ ನೆಲದಲ್ಲಿ ನಿಂತಾಗ ಮೂಗು ಮೇಲೆತ್ತಿ ಆಕಾಶ ನೋಡುತ್ತಿರುತ್ತದೆ. ಹಿಡಿಸುತ್ತಿದ್ದುದು ಇಪ್ಪತ್ತು-ಮೂವತ್ತು ಜನ. ಅಂಥ ವಿಮಾನಕ್ಕೆ ಇಲ್ಲಿನ 1,615 ಮೀಟರ್ ಉದ್ದದ ಮೊದಲ ರನ್‌ವೇ ಧಾರಾಳವಾಯಿತು.

ಕಾಲ ಕಳೆದಂತೆ ವಿಮಾನಗಳು ಬೆಳೆದವು. ಆವ್ರೊ ಬಂತು. ಆಮೇಲೆ ಜೆಟ್ ಎಂಜಿನ್ನಿನ ಬೋಯಿಂಗ್ 737 ಬಂತು. ವಿಮಾನ ಭಾರವಾದಷ್ಟೂ, ವೇಗ ಹೆಚ್ಚಿದಷ್ಟೂ ನಿಲ್ಲಲು ಉದ್ದದ ದಾರಿ ಬೇಕು. ಗುಡ್ಡ ಮಾತ್ರ ಬೆಳೆಯಲಿಲ್ಲ. 1981ರ ಆಗಸ್ಟ್ 19ರಂದು ಮಳೆಯಲ್ಲಿ ಇಳಿದ ಒಂದು ಆವ್ರೊ ವಿಮಾನ ರನ್‌ವೇಯ ಕೊನೆಯನ್ನೂ ದಾಟಿ ಅಂಚಿನಲ್ಲಿ ನಿಂತಿತು. ವಿಮಾನ ಮತ್ತೆ ಬಳಸಲಾರದಷ್ಟು ಜಖಂ ಆಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಗುಡ್ಡ ಕೊಟ್ಟ ಮೊದಲ ಎಚ್ಚರಿಕೆ ಅದು.

ಗಲ್ಫ್‌ಗೆ ಹೋಗಲು ಮುಂಬಯಿ ದಾರಿ

ಈಗ ಸ್ವಲ್ಪ ಅಜ್ಜ ಅಜ್ಜಿಯರ ನೆನಪಿನ ಕಾಲಕ್ಕೆ ಹೋಗೋಣ. ಕರಾವಳಿಯವರು ಊರು ಬಿಟ್ಟು ದುಡಿಯಲು ಹೊರಟದ್ದು ಇಂದು ನಿನ್ನೆಯಲ್ಲ. ಮೊದಲು ಮುಂಬಯಿಗೆ, ಹೋಟೆಲುಗಳಿಗೆ, ಗಿರಣಿಗಳಿಗೆ, ಕಚೇರಿಗಳಿಗೆ. ಒಂದು ಕಾಲದಲ್ಲಿ ಹಡಗಿನಲ್ಲಿ ಹೋದರು, ಆಮೇಲೆ ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ಹೋದರು. ಕರಾವಳಿಯನ್ನು ಮುಂಬಯಿಗೆ ನೇರ ಜೋಡಿಸಿದ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದು 1998ರಲ್ಲಿ.

ಕೊಲ್ಲಿ ದೇಶಗಳಲ್ಲಿ ಎಣ್ಣೆಯ ಹಣ ಹರಿದು ಕೆಲಸ ತೆರೆದಾಗ ಸಾವಿರಾರು ಜನ ಅಲ್ಲಿಗೆ ಹೊರಟರು. ಬಜ್ಪೆಯಲ್ಲಿ ವಿಮಾನ ನಿಲ್ದಾಣ ಇತ್ತು ನಿಜ, ಆದರೆ ಇಲ್ಲಿಂದ ಹೊರದೇಶಕ್ಕೆ ನೇರ ವಿಮಾನ ಇರಲಿಲ್ಲ. ಮುಂಬಯಿಗೆ ಹೋಗಿ ಅಲ್ಲಿಂದ ಏರಬೇಕು. ಎರಡು ವರ್ಷಕ್ಕೊಮ್ಮೆ ಸಿಗುವ ಒಂದು ತಿಂಗಳ ರಜೆಯಲ್ಲಿ ಹೋಗಿ ಬರುವ ದಾರಿಗೇ ನಾಲ್ಕು ದಿನ ಸೋರಿಹೋಗುತ್ತಿತ್ತು. ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆಂಬ ತಂತಿ ತಲುಪಿ, ಟಿಕೆಟು ಹೊಂದಿಸಿ, ಮುಂಬಯಿ ಮುಟ್ಟಿ, ಅಲ್ಲಿಂದ ಬಸ್ಸು ಹಿಡಿದು ಊರು ಸೇರುವಾಗ ಕೊನೆಯ ಮುಖ ನೋಡುವುದೂ ಕೆಲವರಿಗೆ ಸಿಗುತ್ತಿರಲಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಇಂಥದ್ದೊಂದು ಕಥೆ ಇದ್ದೇ ಇರುತ್ತದೆ.

ಆ ದೂರ ಕಡಿಮೆಯಾದದ್ದು 2006ರಲ್ಲಿ. ಆ ವರ್ಷದ ಮೇ 10ರಂದು 2,450 ಮೀಟರ್ ಉದ್ದದ ಎರಡನೆಯ ರನ್‌ವೇ ಬಳಕೆಗೆ ತೆರೆಯಿತು. ಅಕ್ಟೋಬರ್ 3ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇಲ್ಲಿಂದ ನೇರವಾಗಿ ದುಬೈಗೆ ಹಾರಿತು. ಎರಡು ದಿನದ ದಾರಿ ಕೆಲವೇ ಗಂಟೆಗಳದ್ದಾಯಿತು. ರಾತ್ರಿ ಅಲ್ಲಿ ಕೆಲಸ ಮುಗಿಸಿ ವಿಮಾನ ಹತ್ತಿದವರು ಬೆಳಿಗ್ಗೆ ಮನೆಯ ಜಗಲಿಯಲ್ಲಿ ಕಾಫಿ ಕುಡಿಯುವಂತಾಯಿತು.

2010ರ ಮೇ 15ರಂದು ಕೆಂಜಾರಿನ ಕಡೆಯಲ್ಲಿ ಹೊಸ ಟರ್ಮಿನಲ್ ಕಟ್ಟಡದ ಉದ್ಘಾಟನೆ ನಡೆಯಿತು. ಊರಿಗೆ ಊರೇ ಸಂಭ್ರಮಪಟ್ಟಿತು. ಆ ಸಂಭ್ರಮಕ್ಕೆ ಆಯುಸ್ಸು ಒಂದೇ ವಾರ.

ಮೇ 22ರ ಬೆಳಿಗ್ಗೆ

2010ರ ಮೇ 22, ಬೆಳಿಗ್ಗೆ ಆರು ಗಂಟೆ ದಾಟಿತ್ತಷ್ಟೆ. ದುಬೈಯಿಂದ ಬಂದ ಬೋಯಿಂಗ್ 737 ವಿಮಾನ ರನ್‌ವೇಯಲ್ಲಿ ನಿಲ್ಲಲಾಗದೆ ಅಂಚು ದಾಟಿ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. ಅದರಲ್ಲಿದ್ದವರು 166 ಜನ. ಉಳಿದವರು 8 ಮಂದಿ ಮಾತ್ರ. ರಜೆಗೆ ಬರುತ್ತಿದ್ದ ಕುಟುಂಬಗಳು, ಬಂಧುಗಳ ಮದುವೆಗೋ ಸಾವಿಗೋ ಹೊರಟವರು, ಮಕ್ಕಳು. ಸದ್ದು ಕೇಳಿ ಮೊದಲು ಓಡಿಬಂದು, ಹೊಗೆಯ ನಡುವೆ ಕಡಿದಾದ ಇಳಿಜಾರಿನಲ್ಲಿ ಇಳಿದವರು ಕೆಂಜಾರಿನ ಆಸುಪಾಸಿನ ಜನ.

ಅಂದು ಮಳೆ ಇರಲಿಲ್ಲ. ವಿಮಾನವೂ ಕೆಟ್ಟಿರಲಿಲ್ಲ. ಹಾಗಾದರೆ ಏನಾಯಿತು? ನಿವೃತ್ತ ಏರ್ ಮಾರ್ಷಲ್ ಬಿ.ಎನ್. ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಇದನ್ನು ಕೂಲಂಕಷವಾಗಿ ಪರಿಶೀಲಿಸಿತು. ವಿಮಾನ ಇಳಿಯಲು ಬರುವಾಗ ಇರಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಆದ್ದರಿಂದ ರನ್‌ವೇಯ ಆರಂಭದಲ್ಲಿ ನೆಲ ಮುಟ್ಟಬೇಕಾದದ್ದು, ಸುಮಾರು 1,600 ಮೀಟರ್ ದಾಟಿದ ಮೇಲೆ ಮುಟ್ಟಿತು. ಮುಂದೆ ಉಳಿದದ್ದು ಸುಮಾರು 850 ಮೀಟರ್ ಮಾತ್ರ. ಪಕ್ಕದಲ್ಲಿದ್ದ ಸಹ ಪೈಲಟ್ 'ಗೋ ಅರೌಂಡ್' ಎಂದು ಮೂರು ಸಲ ಹೇಳಿದ್ದು ಧ್ವನಿಮುದ್ರಣದಲ್ಲಿ ದಾಖಲಾಗಿತ್ತು. ಇಳಿಯುವುದು ಬೇಡ, ಮೇಲೇರಿ ಮತ್ತೊಮ್ಮೆ ಬರೋಣ ಎಂಬುದು ಆ ಎರಡು ಪದಗಳ ಅರ್ಥ. ಕ್ಯಾಪ್ಟನ್ ಇಳಿಸುವುದನ್ನೇ ಮುಂದುವರಿಸಿದರು. ಹಾರಾಟದ ಬಹುಭಾಗ ಅವರು ನಿದ್ದೆಯಲ್ಲಿದ್ದರೆಂದೂ, ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲವೆಂದೂ ತನಿಖೆ ಹೇಳಿತು.

ಆ ಬೆಳಿಗ್ಗೆ ವಿಮಾನ ಮೇಲೇರಿ ಇನ್ನೊಂದು ಸುತ್ತು ಬಂದಿದ್ದರೆ ಹೊರಗೆ ಕಾಯುತ್ತಿದ್ದವರು ಇನ್ನಷ್ಟು ಹೊತ್ತು ಕಾಯುತ್ತಿದ್ದರು. ಅಷ್ಟೇ.

ಕೂಳೂರಿನಲ್ಲಿ ಫಲ್ಗುಣಿ ಹೊಳೆಯ ಪಕ್ಕದಲ್ಲಿ ತೀರಿಹೋದವರ ನೆನಪಿನ ಉದ್ಯಾನವಿದೆ. ಅಲ್ಲಿ ಮೇ 22ರಂದು ಹೂವಿಟ್ಟು ಗೌರವ ಸಲ್ಲಿಸುತ್ತಾರೆ.

ಒಂದು ಸೆಕೆಂಡಿಗೆ ಎಪ್ಪತ್ತು ಮೀಟರ್

ಮಕ್ಕಳೇ, ಈಗ ಒಂದು ಲೆಕ್ಕ. ಬೋಯಿಂಗ್ 737 ಇಳಿಯುವಾಗ ಅದರ ವೇಗ ಗಂಟೆಗೆ ಸುಮಾರು 260 ಕಿಲೋಮೀಟರ್. ಇದನ್ನು ಸೆಕೆಂಡಿಗೆ ಇಳಿಸಿ. 260 ಕಿಲೋಮೀಟರ್ ಎಂದರೆ 2,60,000 ಮೀಟರ್. ಒಂದು ಗಂಟೆಗೆ 3,600 ಸೆಕೆಂಡು. ಭಾಗಿಸಿದರೆ ಸೆಕೆಂಡಿಗೆ ಸುಮಾರು 72 ಮೀಟರ್. ನೆಲದ ಮೇಲೆ ತೇಲುತ್ತಾ ಒಂದು ಸೆಕೆಂಡು ತಡಮಾಡಿದರೆ 72 ಮೀಟರ್ ರನ್‌ವೇ ಹಿಂದೆ ಉಳಿಯಿತು. ಹತ್ತು ಸೆಕೆಂಡು ಎಂದರೆ 720 ಮೀಟರ್! ನೀವು 'ಒಂದು, ಎರಡು' ಎಂದು ಹತ್ತರವರೆಗೆ ಎಣಿಸಿ ನೋಡಿ. ಅಷ್ಟರೊಳಗೆ ಬಜ್ಪೆಯ ರನ್‌ವೇಯ ಕಾಲುಭಾಗಕ್ಕಿಂತ ಹೆಚ್ಚು ಕಳೆದುಹೋಗಿರುತ್ತದೆ.

ಆದ್ದರಿಂದಲೇ ವಿಮಾನ ಸರಿಯಾದ ಎತ್ತರದಲ್ಲಿ, ಸರಿಯಾದ ವೇಗದಲ್ಲಿ ಬರಬೇಕು. ಸಾಮಾನ್ಯವಾಗಿ ಅದು ಇಳಿಯುವುದು ಮೂರು ಡಿಗ್ರಿಯ ಓರೆಯಲ್ಲಿ. ನಿಮ್ಮ ಕೋನಮಾಪಕದಲ್ಲಿ ಮೂರು ಡಿಗ್ರಿ ಗುರುತು ಹಾಕಿ ನೋಡಿದರೆ ಅದೆಷ್ಟು ನಯವಾದ ಇಳಿಜಾರು ಎಂದು ತಿಳಿಯುತ್ತದೆ. ಈ ಓರೆಯಲ್ಲಿ ಬರುವ ವಿಮಾನ ನೆಲ ಮುಟ್ಟಲು ಐದು ಕಿಲೋಮೀಟರ್ ಇರುವಾಗ ರನ್‌ವೇಯಿಂದ ಸುಮಾರು 260 ಮೀಟರ್ ಎತ್ತರದಲ್ಲಿರಬೇಕು.

ಪೈಲಟ್‌ಗೆ ಇದು ತಿಳಿಯುವುದು ಹೇಗೆ? ನೆಲದಿಂದ ಬರುವ ರೇಡಿಯೋ ಅಲೆಗಳು ದಾರಿ ತೋರಿಸುತ್ತವೆ. ಜೊತೆಗೆ ರನ್‌ವೇಯ ಪಕ್ಕದಲ್ಲಿ ಸಾಲಾಗಿ ನಾಲ್ಕು ದೀಪಗಳಿರುತ್ತವೆ. ಮೇಲಿನಿಂದ ನೋಡಿದಾಗ ಬಿಳಿ, ಕೆಳಗಿನಿಂದ ನೋಡಿದಾಗ ಕೆಂಪು ಕಾಣುವ ಜಾಣ ದೀಪಗಳು. ಎರಡು ಬಿಳಿ, ಎರಡು ಕೆಂಪು ಕಂಡರೆ ದಾರಿ ಸರಿ. ನಾಲ್ಕೂ ಬಿಳಿಯಾದರೆ ತೀರಾ ಎತ್ತರದಲ್ಲಿದ್ದೀರಿ ಎಂದರ್ಥ. ನಾಲ್ಕೂ ಕೆಂಪಾದರೆ ತೀರಾ ತಗ್ಗಿನಲ್ಲಿದ್ದೀರಿ, ಅಪಾಯ. ಗುಡ್ಡದ ಮೇಲಿನ ರನ್‌ವೇಗೆ ಬರುವಾಗ ಕೆಳಗೆ ಕಣಿವೆ ಇರುವುದರಿಂದ ಎತ್ತರದ ಅಂದಾಜಿನಲ್ಲಿ ಕಣ್ಣು ಮೋಸಹೋಗಬಹುದು. ಅದಕ್ಕೇ ಇಲ್ಲಿ ಕಣ್ಣಿಗಿಂತ ದೀಪವನ್ನೂ ಯಂತ್ರವನ್ನೂ ನಂಬಬೇಕು. ಇಂಥ ನಿಲ್ದಾಣಗಳಿಗೆ ವಿಮಾನ ತರುವ ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿಯೂ ಇದೆ.

ಮಳೆ ಬಂದರೆ ತೊಡಕು ಇನ್ನೂ ಹೆಚ್ಚು. ಒದ್ದೆ ರಸ್ತೆಯಲ್ಲಿ ಸೈಕಲ್ ಬ್ರೇಕ್ ಹಿಡಿದರೆ ಎಷ್ಟು ದೂರ ಜಾರುತ್ತದೆಂದು ನಿಮಗೆ ಗೊತ್ತು. ಅರವತ್ತು ಟನ್ ತೂಗುವ ವಿಮಾನಕ್ಕೂ ಅದೇ ನಿಯಮ. ಹಿಂದಿನಿಂದ ಗಾಳಿ ಬೀಸಿದರೆ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಎದುರಿನಿಂದ ಬೀಸಿದರೆ ವೇಗ ತಗ್ಗಿಸಲು ನೆರವಾಗುತ್ತದೆ. ಹಾಗಾಗಿ ಗಾಳಿಗೆ ಎದುರಾಗಿ ಇಳಿಯುವುದು ವಾಡಿಕೆ.

2020ರ ಆಗಸ್ಟ್ 7ರಂದು ಮಳೆಯ ನಡುವೆ ಕೋಯಿಕ್ಕೋಡ್‌ನ ಟೇಬಲ್‌ಟಾಪ್ ರನ್‌ವೇಯಲ್ಲೂ ಒಂದು ವಿಮಾನ ಅಂಚು ದಾಟಿ ಬಿತ್ತು. 21 ಜನ ತೀರಿಕೊಂಡರು. ಒಂದು ಪಾಠವನ್ನು ಒಮ್ಮೆ ಕಲಿತರೆ ಸಾಲದು, ದಿನದಿನವೂ ಪಾಲಿಸಬೇಕು ಎಂಬುದನ್ನು ಆ ದಿನ ಮತ್ತೆ ನೆನಪಿಸಿತು.

ಪಾಠ ಪೈಲಟ್‌ಗಳಿಗಷ್ಟೇ ಅಲ್ಲ. ಎರಡನೆಯ ರನ್‌ವೇ ಕಟ್ಟುವ ಮೊದಲೇ, ಇಲ್ಲಿ ಜಾಗ ಸಾಲದು, ಕಣಿವೆ ತೀರಾ ಹತ್ತಿರವಿದೆ ಎಂದು ಕೆಲವರು ನ್ಯಾಯಾಲಯದ ಮೆಟ್ಟಿಲೇರಿದ್ದರು. ಅವರ ಅರ್ಜಿಗಳು ಬಿದ್ದುಹೋದವು. ರನ್‌ವೇ ಮುಗಿದ ಮೇಲೂ ಒಂದಷ್ಟು ಸುರಕ್ಷಾ ಪ್ರದೇಶ ಬೇಕೆಂಬುದು ನಿಯಮ. ಬಯಲುಸೀಮೆಯಲ್ಲಿ ಅದನ್ನು ಉದ್ದ ಮಾಡುವುದು ಸುಲಭ. ಗುಡ್ಡದ ಮೇಲೆ ಕಣಿವೆಯಿಂದಲೇ ಮಣ್ಣು ತುಂಬಿಸುತ್ತಾ ಮೇಲೆ ಬರಬೇಕು. ಅದಕ್ಕೆ ಹಣವೂ ಬೇಕು, ಕೆಳಗಿನ ಜನರ ಜಮೀನೂ ಬೇಕು. ರನ್‌ವೇ ಉದ್ದವಾಗಬೇಕೆಂಬ ಬೇಡಿಕೆ ಹಳೆಯದು.

'ಅಂತರರಾಷ್ಟ್ರೀಯ' ಎಂದರೇನು?

ಹೊರದೇಶಕ್ಕೆ ವಿಮಾನ ಹಾರಿದ ಮಾತ್ರಕ್ಕೆ ನಿಲ್ದಾಣಕ್ಕೆ ಈ ಬಿರುದು ಸಿಗುವುದಿಲ್ಲ. ಇಲ್ಲಿಂದ ದುಬೈಗೆ ವಿಮಾನ ಹಾರಿದ್ದು 2006ರಲ್ಲಾದರೂ, ಅಧಿಕೃತವಾಗಿ ಅಂತರರಾಷ್ಟ್ರೀಯ ಸ್ಥಾನ ದೊರೆತದ್ದು 2012ರಲ್ಲಿ. 2020ರ ಅಕ್ಟೋಬರ್ 31ರಿಂದ ಇದನ್ನು ಗುತ್ತಿಗೆಯ ಮೇಲೆ ಅದಾನಿ ಸಂಸ್ಥೆ ನಡೆಸುತ್ತಿದೆ. 2023ರ ಆರಂಭದಲ್ಲಿ ರನ್‌ವೇಯನ್ನು ಹಗಲು ಹೊತ್ತು ಮುಚ್ಚಿ, ಕಾಂಕ್ರೀಟಿನ ಮೇಲೆ ಡಾಂಬರಿನ ಹೊಸ ಪದರ ಹಾಕಿದರು. ಈಗ ವರ್ಷಕ್ಕೆ ಇಪ್ಪತ್ತು ಲಕ್ಷದ ಆಸುಪಾಸು ಪ್ರಯಾಣಿಕರು ಇಲ್ಲಿ ಹತ್ತಿ ಇಳಿಯುತ್ತಾರೆ.

ಹೊರದೇಶಕ್ಕೆ ಹೋಗಿಬರುವವರಿಗೆ ನಿಲ್ದಾಣದಲ್ಲಿ ಮುಖ್ಯವಾಗಿ ಎರಡು ಹೆಚ್ಚುವರಿ ಬಾಗಿಲುಗಳು. ಮೊದಲನೆಯದು ಇಮಿಗ್ರೇಶನ್: ಪಾಸ್‌ಪೋರ್ಟ್ ಮತ್ತು ವೀಸಾ ನೋಡಿ ಮುದ್ರೆ ಒತ್ತುವ ಜಾಗ. ಎರಡನೆಯದು ಕಸ್ಟಮ್ಸ್: ಯಾವ ವಸ್ತು ದೇಶದ ಒಳಗೆ ಬರಬಹುದು, ಯಾವುದಕ್ಕೆ ಸುಂಕ ಕಟ್ಟಬೇಕು, ಯಾವುದು ನಿಷಿದ್ಧ ಎಂದು ನೋಡುವವರು. ಇವರಲ್ಲದೆ ಸೋಂಕುರೋಗ ಬಂದಾಗ ತಪಾಸಣೆ ಮಾಡುವ ಆರೋಗ್ಯ ಸಿಬ್ಬಂದಿ ಇರುತ್ತಾರೆ.

ನಮ್ಮ ಕಣ್ಣಿಗೆ ಬೀಳದೆ ದುಡಿಯುವವರು ಇನ್ನೂ ಅನೇಕರು. ಎತ್ತರದ ಗೋಪುರದಲ್ಲಿ ಕುಳಿತು ವಿಮಾನಗಳಿಗೆ ಸರದಿ ಹೇಳುವವರು, ಹವಾಮಾನ ನೋಡುವವರು, ಕೆಂಪು ಬಂಡಿಗಳ ಪಕ್ಕದಲ್ಲಿ ಸದಾ ಸಜ್ಜಾಗಿರುವ ಅಗ್ನಿಶಾಮಕ ದಳದವರು, ಹಕ್ಕಿಗಳು ಎಂಜಿನ್ನಿಗೆ ಸಿಕ್ಕದಂತೆ ಓಡಿಸುವವರು, ರನ್‌ವೇಯಲ್ಲಿ ಒಂದು ಮೊಳೆಯೂ ಬಿದ್ದಿರಬಾರದೆಂದು ಹುಡುಕುವವರು.

ಅಜ್ಜಿಯ ಗಂಟುಮೂಟೆಗೆ ಕಿವಿಮಾತು

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಲೋ ಗಲ್ಫ್‌ಗೆ ಹೊರಟ ಅಜ್ಜಿಯರ ಚೀಲದಲ್ಲಿ ಅರ್ಧ ಊರೇ ಇರುತ್ತದೆ. ಅದಕ್ಕೆ ಕೆಲವು ಎಚ್ಚರಿಕೆಗಳು:

● ಗಸಗಸೆ ಬೇಡವೇ ಬೇಡ. ನಮಗೆ ಅದು ಪಾಯಸದ ಸಾಮಾನು. ಆದರೆ ಯುಎಇ, ಸೌದಿ ಅರೇಬಿಯಾಗಳಲ್ಲಿ ಅದು ನಿಷಿದ್ಧ. ಅಫೀಮಿನ ಗಿಡದ ಬೀಜವಾದ್ದರಿಂದ ಅಲ್ಲಿ ಜೈಲಿಗೂ ಹೋಗಬೇಕಾದೀತು. ಬೇರೆಯವರು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯಬೇಡಿ.

● ಕೊಬ್ಬರಿ ಒಯ್ಯಬೇಡಿ. ಒಣಗಿದ ತೆಂಗಿನಲ್ಲಿ ಎಣ್ಣೆಯ ಅಂಶ ಹೆಚ್ಚು, ಬೇಗ ಬೆಂಕಿ ಹಿಡಿಯುತ್ತದೆ.

● ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಕೈಚೀಲದಲ್ಲಿ ಬೇಡ. ಹೊರದೇಶದ ವಿಮಾನದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಬಾಟಲಿಯ ದ್ರವವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಹಾಕುವುದಾದರೂ ವಿಮಾನ ಸಂಸ್ಥೆಯ ನಿಯಮ ಕೇಳಿಕೊಂಡು, ಸೋರದಂತೆ ಕಟ್ಟಿ. ಹಲಸಿನ ಹಪ್ಪಳಕ್ಕೆ ತೊಂದರೆಯಿಲ್ಲ, ಪುಡಿಯಾಗದಂತೆ ನೋಡಿಕೊಳ್ಳಿ.

● ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಿ ಇಡಬಾರದು.

● ದಿನವೂ ತೆಗೆದುಕೊಳ್ಳುವ ಮಾತ್ರೆಗಳು ಕೈಚೀಲದಲ್ಲಿರಲಿ, ಜೊತೆಗೆ ವೈದ್ಯರ ಚೀಟಿ ಇರಲಿ. ಕೆಲವು ಔಷಧಿಗಳಿಗೆ ಹೊರದೇಶದಲ್ಲಿ ಮುಂಗಡ ಅನುಮತಿ ಬೇಕು. ಮೊದಲೇ ವಿಚಾರಿಸಿ.

● ನಡೆಯಲು ಕಷ್ಟವಿದ್ದರೆ ಟಿಕೆಟು ಮಾಡುವಾಗಲೇ ಗಾಲಿಕುರ್ಚಿ ಕೇಳಿ. ಅದರಲ್ಲಿ ನಾಚಿಕೆಯೇನಿಲ್ಲ. ಕರೆದೊಯ್ಯುವವರು ತಪಾಸಣೆ ಮುಗಿಸಿ ವಿಮಾನದವರೆಗೂ ಬಿಡುತ್ತಾರೆ.

● ದೊಡ್ಡವರಿಲ್ಲದೆ ಒಬ್ಬರೇ ಹೋಗಬೇಕಾದ ಮಕ್ಕಳಿಗೂ ದಾರಿಯುಂಟು. ಸಾಮಾನ್ಯವಾಗಿ 5ರಿಂದ 12 ವರ್ಷದವರನ್ನು ವಿಮಾನ ಸಂಸ್ಥೆಯ ಸಿಬ್ಬಂದಿಯೇ ಜೊತೆಗಿದ್ದು ಕರೆದೊಯ್ದು, ಆಚೆ ಕಾಯುತ್ತಿರುವ ಹಿರಿಯರ ಕೈಗೆ ಒಪ್ಪಿಸುತ್ತಾರೆ. ಇದಕ್ಕೆ ಮುಂಚೆಯೇ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು.

ಮನೆಯಲ್ಲೇ ಒಂದು ರನ್‌ವೇ

ಮಕ್ಕಳೇ, ರನ್‌ವೇಯ ತುದಿಯಲ್ಲಿ ದೊಡ್ಡದಾಗಿ ಸಂಖ್ಯೆ ಬರೆದಿರುವುದನ್ನು ಚಿತ್ರದಲ್ಲಿ ನೋಡಿದ್ದೀರಾ? ಬಜ್ಪೆಯ ದೊಡ್ಡ ರನ್‌ವೇಯ ಒಂದು ತುದಿಯಲ್ಲಿ 06, ಇನ್ನೊಂದು ತುದಿಯಲ್ಲಿ 24. ಇದು ದಿಕ್ಕಿನ ಲೆಕ್ಕ. ಉತ್ತರದಿಂದ ಬಲಕ್ಕೆ ಎಣಿಸಿದರೆ ಪೂರ್ವ 90 ಡಿಗ್ರಿ, ದಕ್ಷಿಣ 180, ಪಶ್ಚಿಮ 270. ಕೊನೆಯ ಸೊನ್ನೆ ಬಿಟ್ಟು ಬರೆಯುತ್ತಾರೆ. 24 ಎಂದರೆ 240 ಡಿಗ್ರಿ, ಅಂದರೆ ನೈಋತ್ಯದ ಕಡೆ, ಕಡಲಿನತ್ತ ಮುಖ. 06 ಎಂದರೆ 60 ಡಿಗ್ರಿ, ಘಟ್ಟದ ಕಡೆ ಮುಖ. ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸ ಯಾವಾಗಲೂ 18. ಏಕೆಂದರೆ ಎದುರುಬದುರು ದಿಕ್ಕುಗಳ ನಡುವೆ 180 ಡಿಗ್ರಿ. ಇಲ್ಲಿನ ಹಳೆಯ ರನ್‌ವೇ 09 ಮತ್ತು 27, ಅಂದರೆ ಪೂರ್ವ ಪಶ್ಚಿಮ.

ಅಜ್ಜನ ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ನಿಮ್ಮ ಮನೆಯ ಜಗಲಿಗೂ ಶಾಲೆಯ ದಾರಿಗೂ ರನ್‌ವೇ ಸಂಖ್ಯೆ ಕಂಡುಹಿಡಿಯಿರಿ. ಆಮೇಲೆ ಊಟದ ಮೇಜಿನ ಮೇಲೆ ಆಟದ ಕಾರೊಂದನ್ನು ಉರುಳಿಸಿ, ಅಂಚಿಗೆ ಮೊದಲೇ ನಿಲ್ಲುವಂತೆ ಮಾಡಲು ನೋಡಿ. ಮೇಜಿಗೆ ಸ್ವಲ್ಪ ನೀರು ಸವರಿ ಇನ್ನೊಮ್ಮೆ ಉರುಳಿಸಿ. ಗುಡ್ಡದ ಮೇಲೆ ವಿಮಾನ ಇಳಿಸುವವರ ಕಷ್ಟ ಆಗ ನಿಮಗೇ ಅರ್ಥವಾಗುತ್ತದೆ.

ಅಜ್ಜ ಹೇಳಬಹುದಾದ ಉತ್ತರ

ಮೊದಲಿನ ಪ್ರಶ್ನೆಗೆ ಮರಳೋಣ. ಬಂದ ವಿಮಾನ ಇಳಿಯದೆ ಯಾಕೆ ಹೋಯಿತು?

ಮಳೆಯಲ್ಲಿ ರನ್‌ವೇ ಕಾಣಲಿಲ್ಲವೋ, ಗಾಳಿ ತಿರುಗಿತೋ, ಎತ್ತರ ಒಂದಿಷ್ಟು ಹೆಚ್ಚಾಯಿತೋ, ಪೈಲಟ್‌ಗೆ ಸಮಾಧಾನವಾಗಲಿಲ್ಲ. ಹಾಗಾಗಿ ಅವರು ಮೇಲೇರಿದರು. ಅದು ಸೋಲಲ್ಲ, ಅವರಿಗೆ ಕಲಿಸಿದ ಕ್ರಮವೇ ಅದು. ವಿಮಾನ ಹೊರಡುವಾಗಲೇ ಇನ್ನೊಂದು ಸುತ್ತಿಗೂ, ಬೇರೆ ಊರಿಗೆ ಹೋಗಲೂ ಬೇಕಾದಷ್ಟು ಇಂಧನ ತುಂಬಿಸಿರುತ್ತಾರೆ. ಎರಡನೆಯ ಸಲವೂ ಆಗದಿದ್ದರೆ ಬೆಂಗಳೂರಿಗೋ ಕಣ್ಣೂರಿಗೋ ಹೋಗಿ ಇಳಿದು, ಮಳೆ ಕಡಿಮೆಯಾದ ಮೇಲೆ ಬರುತ್ತಾರೆ.

ಆಗ ಕಾಯುವವರು ಕೌಂಟರಿನ ಸಿಬ್ಬಂದಿಯ ಮೇಲೆ ರೇಗುವುದುಂಟು. "ಬೇರೆ ವಿಮಾನ ಇಳಿಯಿತಲ್ಲ, ನಿಮ್ಮದಕ್ಕೇನು ಕಷ್ಟ?" ಎಂದು ಕೇಳುವುದುಂಟು. ಗುಡ್ಡದ ಕಥೆ ಗೊತ್ತಿದ್ದವರು ಹಾಗೆ ಕೇಳಲಾರರು. ಪೈಲಟ್‌ಗೆ ಯಾರೂ ಅವಸರ ಮಾಡಬಾರದು. ಕಾಯುವ ನಾವೂ ಮಾಡಬಾರದು.

ಮತ್ತೆ ಸದ್ದು ಕೇಳಿಸುತ್ತದೆ. ಈ ಸಲ ಸದ್ದು ಮೇಲೇರುವುದಿಲ್ಲ. ಗುಡ್ಡದ ಆಚೆ ಎಂಜಿನ್ನು ಒಮ್ಮೆ ಜೋರಾಗಿ ಗರ್ಜಿಸಿ, ನಿಧಾನಕ್ಕೆ ತಣ್ಣಗಾಗುತ್ತದೆ. ಅರ್ಧ ಗಂಟೆಯ ಮೇಲೆ ಗಾಜಿನ ಬಾಗಿಲು ತೆರೆದು, ಪೆಟ್ಟಿಗೆಗಳ ಗಾಡಿ ನೂಕುತ್ತಾ ಅಪ್ಪ ಬರುತ್ತಾರೆ. ಹುಡುಗ ಓಡುತ್ತಾನೆ. ಅಜ್ಜಿ ಫ್ಲಾಸ್ಕಿನ ಮುಚ್ಚಳ ತೆಗೆಯುತ್ತಾರೆ. ಚಹಾ ಆರಿದೆ. ಅದಕ್ಕೆ ಯಾರೂ ಬೇಸರಪಡುವುದಿಲ್ಲ.